ಎಂಟನೆಯ ಕಾಲಂ

ಬಿಇಓ ಆಫೀಸಿನಿಂದ ಬಂದ ನಮೂನೆಯಲ್ಲಿ
ಎಂಟನೆಯ ಕಾಲಂ: ಕಲಿಕೆಯಲ್ಲಿ ಆಸಕ್ತಿ.
ಉತ್ತಮ, ಸಾಧಾರಣ, ಕಡಿಮೆ.
ಯಾವುದಾದರೂ ಒಂದಕ್ಕೆ ಗುರುತು ಹಾಕಿ
ಶನಿವಾರದೊಳಗೆ ಕಳಿಸಬೇಕು.

ನಲವತ್ತೊಂದು ಹೆಸರು. ಕರೆಂಟಿಲ್ಲ.
ಶಹಾಬಾದಿನ ಬಿಸಿಲು ಕಿಟಕಿಯಿಂದ ಇಳಿದು
ಖಾಲಿ ಬೆಂಚುಗಳಲ್ಲಿ ಒಬ್ಬೊಬ್ಬರ ಜಾಗದಲ್ಲೂ
ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿದೆ.

ದೇವಿಂದ್ರ. ಅಣ್ಣನ ಜೊತೆ ಖಣಿಗೆ ಹೋಗುತ್ತಾನೆ.
"ಸಾಲಿ ಚಾಲೂ ಆದ್ರ ಬರ್ತೀನ್ರಿ ಟೀಚರ್" ಅಂದ,
ಆದ್ರ ಅನ್ನುವಾಗ ನನ್ನ ಮುಖ ನೋಡಲಿಲ್ಲ.
ಎರಡಡಿ ಎರಡಡಿ ಪರ್ಸಿ, ಒಂದು ಬ್ರಾಸಿಗೆ ಎಷ್ಟು?
ಕೇಳಿ ಮುಗಿಸುವ ಮೊದಲೇ, ಇಪ್ಪತ್ತೈದು.
ಹೋದ ವರ್ಷ ಮಗ್ಗಿಗೆ ಹೆದರಿ
ನೀರಿನ ಟಾಕಿಯ ಹಿಂದೆ ಅಡಗುತ್ತಿದ್ದ ಹುಡುಗ.

ಗುಂಡಮ್ಮ. ಮನೆಯಲ್ಲಿ ಫೋನಿಲ್ಲ. ಕಡಿಮೆ?
ಶಂಕರಲಿಂಗ. ಫೋನಿದೆ. ಲಾಗಿನ್ ಆಗಿ
ನಲವತ್ತು ನಿಮಿಷ ಕಪ್ಪು ಚೌಕವಾಗಿ ಕೂತ.
ಹಿಂದೆ ಕೋಳಿ ಕೂಗಿತು, ಕುಕ್ಕರ್ ಕೂಗಿತು,
ನಾನು ಮೂರು ಸಲ ಕೂಗಿದೆ.
ಹಾಜರಿ ಮಾತ್ರ ಪೂರ್ತಿ.

ಮೈಮೂನಾ. ಫೋನು ಅವಳ ಮಾಮುವಿನದು,
ಸಿಮೆಂಟ್ ಫ್ಯಾಕ್ಟರಿ ಶಿಫ್ಟು ಮುಗಿಸಿ ಬರುವುದು ರಾತ್ರಿ ಹತ್ತಕ್ಕೆ.
ಹತ್ತೂಕಾಲಿಗೆ ನನಗೊಂದು ವಾಯ್ಸ್ ಮೆಸೇಜು,
ಮಲಗಿದವರ ನಡುವಿನಿಂದ ಪಿಸುಗುಟ್ಟಿದ್ದು:
"ಟೀಚರ್, ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ್ರಿ?
ಇಲ್ಲಕ್ಕ ಇಲ್ಲ ಗುಣಿಸಿದ್ರ ಅದ ಹ್ಯಾಂಗಾಗ್ತದ?"
ಬೆಳಿಗ್ಗೆ ಉತ್ತರ ಕಳಿಸಿದೆ.
ಅಷ್ಟರಲ್ಲಿ ಫೋನು ಫ್ಯಾಕ್ಟರಿಗೆ ಹೋಗಿತ್ತು.
ಎರಡು ಬೂದು ಟಿಕ್ಕು ನೀಲಿಯಾಗಲು
ಮತ್ತೆ ಹತ್ತು ಗಂಟೆಯಾಗಬೇಕು.

ಭಾನುವಾರ ಅವರ ಓಣಿಗೆ ಹೋದೆ,
ಮಾಸ್ಕಿನೊಳಗೆ ಬೆವರುತ್ತ.
ಅವಳಿರಲಿಲ್ಲ. ಅಮ್ಮನ ಜೊತೆ ಹೊಲಕ್ಕೆ
ಹೆಸರು ಬಿಡಿಸಲು ಹೋಗಿದ್ದಳು.
ನನ್ನ ಚೀಲದಲ್ಲೂ ಹೆಸರುಗಳೇ, ಬಿಡಿಸಲಾಗದವು.
ಗೋಡೆಗೆ ಒರಗಿಸಿದ ಒಡಕು ಪರ್ಸಿಗಳ ಮೇಲೆ
ಸುಣ್ಣದ ತುಂಡಿನಿಂದ ಬರೆದ ಲೆಕ್ಕ,
ಹನ್ನೆರಡು. ಒಂಬತ್ತು ತಪ್ಪು.
ಎಲ್ಲಕ್ಕೂ ತಾನೇ ಹಾಕಿಕೊಂಡ ರೈಟು,
ಕೆಳಗೆ ನನ್ನ ಸಹಿಯ ನಕಲು, ದಿನಾಂಕ ಸಮೇತ.

ಇಟ್ಟಿಗೆ ಚೂರು ಹುಡುಕಿ, ಕುಕ್ಕರಗಾಲಲ್ಲಿ ಕೂತು ತಿದ್ದಿದೆ.
ಮೇಕೆಯೊಂದು ಬಂದು ಐದನೆಯ ಲೆಕ್ಕ ನೆಕ್ಕಿತು.
ಸಂಜೆ ಮಳೆ ಬಂತು.
ಹತ್ತೂಕಾಲಿಗೆ ಮೆಸೇಜು: "ಎಲ್ಲಾ ತೊಳದು ಹೋಯ್ತ್ರಿ.
ಓಡಿ ಬರೋದ್ರೊಳಗ ಮೂರನೇದು ಒಂದೇ ಉಳದಿತ್ತು.
ಅದು ತಿಳೀತ್ರಿ. ಸುಳ್ಳಲ್ರಿ."

ನಾಳೆ ಶನಿವಾರ.
ಉತ್ತಮ, ಸಾಧಾರಣ, ಕಡಿಮೆ.
ಟೀಚರಿನ ಆಸಕ್ತಿಗೆ ಯಾರೂ ಕಾಲಂ ಇಟ್ಟಿಲ್ಲ,
ಹತ್ತು ದಾಟಿದರೂ ಫೋನು ಯಾಕೆ
ದಿಂಬಿನ ಪಕ್ಕದಲ್ಲೇ ಇರುತ್ತದೆ ಎಂದು ಯಾರೂ ಕೇಳಿಲ್ಲ.
ಕ್ರಮಸಂಖ್ಯೆ ಇಪ್ಪತ್ತಾರರ ಮುಂದೆ
ಚೌಕದೊಳಗೆ ಹಿಡಿಸುವಷ್ಟು ಸಣ್ಣಕ್ಷರದಲ್ಲಿ ಬರೆದೆ:
ಮೂರನೆಯದು ತಿಳಿದಿದೆ.
ದೇವಿಂದ್ರನ ಮುಂದೆ: ಇಪ್ಪತ್ತೈದು.
ಗುಂಡಮ್ಮನ ಮುಂದೆ ಪೆನ್ನು ನಿಂತಿದೆ.
ಶಂಕರಲಿಂಗನ ಮನೆ ಸ್ಟೇಷನ್ನಿನ ಆಚೆಗಂತೆ,
ಇನ್ನೂ ಹೋಗಿಲ್ಲ.