ಕಲ ಚಾಚಣಿ

ಒಂಬತ್ತನೇತ್ತಾ ಇದ್ದಾಗ, ತೊಗರಿ ಬಜಾರಕ್ಕ ಬರೋ ದಿನದಾಗ
ಕಲಶೆಟ್ಟಿ ಮಾಸ್ತರ ಒಂದೊಂದು ಕಾಗದ ಹಂಚಿದ್ರು.
ಮ್ಯಾಲ ದಪ್ಪ ಮರಾಠಿ ಅಕ್ಷರ: ಕಲ ಚಾಚಣಿ.
ನಾವು ಇಪ್ಪತ್ತೊಂದು ಮಂದಿ, ದುಧನಿಯ ಕನ್ನಡ ಮೀಡಿಯಂ.
ಕಲ ಅಂದ್ರ ಕಲ್ಲೇನ್ರೀ, ಅಂದ ಯಲ್ಲಾಲಿಂಗ.
ಎಲ್ಲಾರೂ ನಕ್ಕರು. ಮಾಸ್ತರ ನಗಲಿಲ್ಲ,
ಸೀಮೆಸುಣ್ಣ ತಿರುವುತ್ತ ನಿಂತು, ‘ಒಲವು’ ಅಂದ್ರು.
ಹುಡುಗ್ಯಾರು ತಲಿ ಕೆಳಗ ಹಾಕಿದ್ವಿ.
‘ಅದಲ್ಲವಾ. ಮನಸ್ಸು ಯಾ ಕಡೆ ವಾಲ್ತದ, ಅದು.
ಮುಂದಿನ ವರ್ಷ ಖರೇ ಪರೀಕ್ಷಾ. ಇದು ತಾಲೀಮು.’

ಎಪ್ಪತ್ತು ಪ್ರಶ್ನೆ. ಹೌದು, ಇಲ್ಲ, ಹೇಳಾಕ ಬರೂದಿಲ್ಲ.
ಕೆಟ್ಟ ಯಂತ್ರ ಬಿಚ್ಚಿ ನೋಡೂದು ನಿಮಗ ಸೇರ್ತದೇನು?
ರೋಗಿಗಳ ಆರೈಕೆ?
ಒಬ್ಬರೇ ಕುಂತು ತಾಸುಗಟ್ಟಲೆ ಓದೂದು?
ರುಕ್ಸಾನಾ ನನ್ನ ಚಿವುಟಿದಳು:
ಒಬ್ಬರೇ ಕುಂತು ನೋಡಿಲ್ಲಲ್ಲೇ, ಸೇರ್ತದೋ ಇಲ್ಲೋ ಹ್ಯಾಂಗ ಗೊತ್ತು?

ಹತ್ತರ ತನಕ ಕನ್ನಡ. ಆಮ್ಯಾಲ ಅದು ರಸ್ತಾದಂಗ ಮುಗೀತದ,
ಡಾಂಬರ ನಿಂತು ಮಣ್ಣು ಸುರು ಆದಂಗ.
ಅಕ್ಕಲಕೋಟಿಗೆ ಹೋದ್ರ ಸೈನ್ಸೂ ಮರಾಠಿ ಮಾತಾಡ್ತದ.
ಗಡಿ ದಾಟಿ ಆಳಂದಕ್ಕ ಹೋದ್ರ
ನೀವು ಹೊರಗಿನವರು, ದಾಖಲೆ ತರ್ರಿ ಅಂತಾರ.
ಯಲ್ಲಾಲಿಂಗನ ಅಣ್ಣ ಪೊಲೀಸ್ ಭರತಿಗೆ
ನಸುಕಿನಾಗ ಸ್ಟೇಷನ್ ರೋಡಿಗೆ ಓಡ್ತಾನ, ಮೂರು ವರ್ಷಾತು.
ಅವನ ಒಲವು ಯಾ ಕಡೆ? ಅವ ಬರೇ ಓಡ್ತಾನ.

ನಮ್ಮಪ್ಪ ಮಾರ್ಕೆಟ್ ಯಾರ್ಡಿನ ತೋಲಾರ.
ತೂಕ ಕೂಗೂದು ಮರಾಠಿ, ಮನಸಿನಾಗ ಎಣಿಸೂದು ಕನ್ನಡ.
ಈಗ ಕರೆಂಟಿನ ಕಾಟಾ ಬಂದದ,
ಕೆಂಪು ಅಂಕಿ ತಾವೇ ಕುಣೀತಾವ,
ಅಪ್ಪ ಅವನ್ನ ಓದಿ ಕೂಗ್ತಾನ, ಅಷ್ಟೆ.
ಹಳೇ ತಕ್ಕಡಿ ಮನ್ಯಾಗ ಮಳಿಗೆ ತೂಗ್ತದ,
ಒಂದು ಪರಡ್ಯಾಗ ಬೆಳ್ಳುಳ್ಳಿ, ಇನ್ನೊಂದರಾಗ ಏನಿಲ್ಲ.

ಕಾಗದ ತೋರಿಸಿದೆ. ಮೀಸಿಗೆ ಅಂಟಿದ ತೊಗರಿ ಧೂಳು ಒರಸಿಕೊಂಡು
ಎದ್ದು, ಬೆಳ್ಳುಳ್ಳಿ ತೆಗೆದು ನೆಲಕ್ಕಿಟ್ಟ.
‘ಏನೂ ಹಾಕದ ತಕ್ಕಡಿ ವಾಲಿದ್ರ
ಅದು ಒಲವಲ್ಲ ತಂಗಿ, ದಂಡಿಗಿ ಡೊಂಕು.’
ಅವ್ವ ಅಂದ್ಳು, ‘ನನ್ನ ಬೆಳ್ಳುಳ್ಳಿ ಮಣ್ಣಾತು.’

ಅದೇ ರಾತ್ರಿ ಗುರಬಸವ್ವ ಆಯಿ ಬಂದ್ಳು,
ಸಾತ್‌ಬಾರಾ ಉತಾರ ಸೀರಿ ಸೆರಗಿನಾಗ ಸುತ್ತಿಕೊಂಡು.
ಓಣ್ಯಾಗಿನ ಸರಕಾರಿ ಕಾಗದ ಎಲ್ಲಾ ನನ್ನ ಕಡೇನ ಬರ್ತಾವ.
ಓದಿದೆ. ಎರಡು ಎಕರೆ ಚಿಲ್ರೆ. ಹೆಸರು: ಗುರುಬಾಯಿ.
‘ಇದು ನೀ ಅಲ್ಲ ಆಯಿ, ತಪ್ಪು ಬರದಾರ.’
‘ಇರಲಿ ಬಿಡು, ಕೂಗಿದ್ರ ಓ ಅಂತೀನಿ.’
ಪೆನ್ಸಿಲಿನಿಂದ ತಿದ್ದಿದೆ,
ಸರಕಾರದ್ದಲ್ಲಾ ಅಂತ ಅಂಜಿ ಅಳಿಸಿದೆ.
ಹಾಳಿ ಅಲ್ಲಿ ತೆಳ್ಳಗಾತು.
ಎಪ್ಪತ್ತರಾಗ ಹುಡುಕಿದೆ ಆಮ್ಯಾಲ.
ಇದನ್ನ ಕೇಳೋ ಪ್ರಶ್ನೆ ಇರಲಿಲ್ಲ.

ಸಂಕ್ರಾಂತಿ ಆದ ಮ್ಯಾಲ ಫಲಿತಾಂಶ ಬಂತು.
ರುಕ್ಸಾನಾಗ ಆರೋಗ್ಯ ಸೇವಾ, ಯಲ್ಲಾಲಿಂಗನಿಗೆ ಲಲಿತಕಲಾ
(ಅವನೇ ದಿಗಿಲು ಬಿದ್ದ).
ನನ್ನ ಹೆಸರಿನ ಮುಂದ: ಸ್ಪಷ್ಟ ಕಲ ಕಾಣಲಿಲ್ಲ.

ಅಳು ಬಂದಿತ್ತು. ಅಪ್ಪಗ ಓದಿ ಹೇಳಿದೆ, ಕನ್ನಡದಾಗ.
ಅವ ಖುಷಿಯಾಗಿಬಿಟ್ಟ, ಬ್ಯಾರೆ ಏನೋ ಕೇಳಿಸಿದಂಗ.
‘ಮುಳ್ಳು ನಡುವ ನಿಂತದ ನೋಡು! ಇನ್ನ ಕಾಳು ಹಾಕೂದೊಂದೇ.’
ಮರಾಠಿ ವ್ಯಾಕರಣ, ಇಂಗ್ಲಿಷ್ ಡಿಕ್ಷನರಿ,
ಬ್ಯಾಸಗಿಗೆ ಸೊಲ್ಲಾಪುರದ ಕ್ಲಾಸು, ಬಸ್ಸಿನ ಪಾಸು.
ಅಂಗಿಯ ಒಳಕಿಸೆಯಿಂದ ನೋಟು ತೆಗೆದು ಎಣಿಸಾಕ ಕುಂತ.
ತೂಕದವರು ಒಂದು ಅನ್ನೂದಿಲ್ಲ ಎಂದೂ.
ಲಾಭಾ, ಅಂದ. ಎರಡು. ಮೂರು.
ನಾಲ್ಕು ಅಂದು, ಬೆರಳಿಗೆ ಎಂಜಲು ಹಚ್ಚಿಕೊಂಡು,
ಅವ್ವನ ಕಡೆ ನೋಡಿದ.
ಅವ್ವ ಒಲಿಯ ಮುಂದಿಂದ ಎದ್ದಳು.