ಕೊಂಡಿಯ ಲೆಕ್ಕ

ಮುರಿದ ಕೊಂಡಿಯನ್ನು ಬೆಂಕಿಪೊಟ್ಟಣದಲ್ಲಿ ತಂದಿದ್ದ ಹೊಸ್ತಿವೀತ್.
"ನಾನೇನು ಕಬ್ಬಿಣದ ಕಡಲೆ ಅಗಿದೆನೇ ತಾಯಿ?
ತಿನ್ನುವುದು ಮೆತ್ತನೆ ಕ್ನೆದ್ಲೀಕ್, ಅದೂ ಸಾರಲ್ಲಿ ಅದ್ದಿ."
ಹದಿನಾಲ್ಕೇ ತಿಂಗಳು.
ಎರಕ ಹೊಯ್ದವಳು ನಾನು:
ಕೋಬಾಲ್ಟು, ಕ್ರೋಮಿಯಂ, ಚಿಟಿಕೆ ಮಾಲಿಬ್ಡಿನಮ್.
ಜೆಲೆಜ್ನಿ ಬ್ರೋದಿನಂಥ ಊರಲ್ಲಿ
ಕೆಟ್ಟ ಹೆಸರು ಸುತ್ತಿ ಬರಲು ಎರಡು ಬೀದಿ ಸಾಕು.

ದಿನಕ್ಕೆ ಎಷ್ಟು ಸಲ ತೆಗೆಯುತ್ತೀರಿ?
"ಊಟವಾದ ಮೇಲೆ ತೊಳೆಯಲು ಒಮ್ಮೆ. ರಾತ್ರಿ ಒಮ್ಮೆ."

ನನ್ನ ಮೇಜಿನ ಮೇಲೊಂದು ಯಂತ್ರವಿದೆ,
ಉಕ್ಕಿನ ಹಲ್ಲಿಗೆ ಕೊಂಡಿಯನ್ನು
ತೊಡಿಸಿ ಕಳಚಿ ತೊಡಿಸಿ ಕಳಚಿ
ಏಳು ವರ್ಷವನ್ನು ಒಂದು ರಾತ್ರಿಯಲ್ಲಿ ಮುಗಿಸುತ್ತದೆ.
ಇದರ ಒಡಹುಟ್ಟಿದವು ಹತ್ತು ಸಾವಿರ ದಾಟಿದ್ದವು
ಹೂಂ ಉಹೂಂ ಎನ್ನದೆ.

ಹಲ್ಲಿನ ಉಬ್ಬು ದಾಟುವಾಗ
ತೋಳು ನಾಲ್ಕು ಕೂದಲೆಳೆಯಷ್ಟು ಅಗಲಬೇಕು,
ದಾಟಿ ಮತ್ತೆ ಅಪ್ಪಬೇಕು.
ಅಷ್ಟೇ ಅದರ ಕೆಲಸ.
ಮಣಿಯುವುದು, ಮರಳುವುದು.
ಮರಳಿತು ಅಂತ ನಾವು ತಿಳಿಯುತ್ತೇವೆ.

ಸೂಕ್ಷ್ಮದರ್ಶಕದ ಕೆಳಗೆ ಮುರುಕು ತುದಿ.
ಒಳಗೊಂದು ಗುಳ್ಳೆ, ಎರಕದ ದಿನದ್ದು.
(ನನ್ನ ತಪ್ಪು. ಒಪ್ಪಿಕೊಂಡೆ.)
ಅಲ್ಲಿಂದ ಹೊರಟ ಗೆರೆ, ಗೆರೆಯ ಹಿಂದೆ ಗೆರೆ,
ನೀರಿಳಿದ ಮೇಲೆ ಯಿಜೆರಾ ದಂಡೆಯ ಮರಳಲ್ಲಿ ಉಳಿಯುವಂಥವು.
ಕೊನೆಗೆ ಒಂದಿಷ್ಟು ಒರಟು ಜಾಗ, ಒಮ್ಮೆಲೇ ಹರಿದದ್ದು.
ಎಣಿಸಿ ಎಣಿಸಿ ಕಣ್ಣು ಸೋತಿತು.
ದಿನಕ್ಕೆರಡು ಸಲದವನ ಕೊಂಡಿಯಲ್ಲ ಇದು.

ಮರುದಿನ ಅವನ ಗಾಜಿನ ಕುಲುಮೆಗೇ ಹೋದೆ.
ಊದುಗೊಳವೆ ಎತ್ತುವ ಮೊದಲು
ಹಲ್ಲು ಕಳಚಿ ಏಪ್ರನ್ ಜೇಬಿಗೆ.
ಕೆನ್ನೆ ಉಬ್ಬಿತು, ಕೆಂಡದಂಥ ಗಾಜು ಉಬ್ಬಿತು.
ಅಚ್ಚು ಹಿಡಿದ ಹುಡುಗ, ಓತಾ,
ಅರೆಗಳಿಗೆ ತಡವಾಗಿ ಮುಚ್ಚಿದ.
ಗೊಳವೆ ಕೆಳಗೆ. ಜೇಬಿಂದ ಹಲ್ಲು ಬಾಯಿಗೆ, ಟಕ್.
"ಕತ್ತೆ!"
ಟಕ್. ಮತ್ತೆ ಜೇಬಿಗೆ.
ಬೆಳಗಿಂದ ಸಂಜೆವರೆಗೆ ಹೀಗೆ.
ಹಲ್ಲಿಲ್ಲದೆ ಬೈದರೆ ಬೈಗುಳ ಬರೀ ಗಾಳಿಯಂತೆ,
ಹುಡುಗ ನಗುತ್ತಾನಂತೆ.

ಹೊಸದಕ್ಕೆ ಎರಕ ಬೇಡವೆಂದೆ.
ಎಳೆದ ತಂತಿಯ ಕೊಂಡಿ ಹಾಕಿದೆ;
ಎಳೆಸಿಕೊಂಡ ಲೋಹಕ್ಕೆ ತಾಳ್ಮೆ ಜಾಸ್ತಿ.
ತೋಳು ತುಸು ಉದ್ದ, ಹಿಡಿತ ತುಸು ಸಡಿಲ.
ಚೀಟಿಯಲ್ಲಿ ಬರೆದುಕೊಟ್ಟೆ: ಕಡಿಮೆ ಬೈಯಿರಿ.

ಆರು ವರ್ಷವಾಯಿತು.
ನಿನ್ನೆ ಗಡ್ಡ ಬಂದ ಓತಾ ಬಂದಿದ್ದ,
ಡಬ್ಬಿಯಲ್ಲಿ ಅದೇ ಹಲ್ಲು; ಕರೆಗಟ್ಟಿದೆ, ತಿಕ್ಕಿಕೊಡಬೇಕು.
ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ.
ಒಂದು ಬಿರುಕಿಲ್ಲ.
ನನ್ನ ಕೈಯ ಬಗ್ಗೆ ಏನೋ ಹೇಳಹೊರಟಿದ್ದೆ.

"ಈಗ ಊದುವುದು ನಾನು," ಅಂದ.
"ಅವರು ಬಾಗಿಲ ಬಳಿ ಕುರ್ಚಿಯಲ್ಲಿ.
ದಿನವಿಡೀ ತೆಗೆಯುವುದೇ ಇಲ್ಲ."

ಬೈಯುತ್ತಾರೆಯೇ?

"ಬೈಯುತ್ತಾರೆ. ಸ್ವಲ್ಪ ಬೇಗ ಕೊಡಿ,
ಬೆಳಗಿಂದ ಮೂರು ಹೂಜಿ ಒಡೆದೆ,
ಏನಂದರೋ ಒಂದೂ ತಿಳಿಯಲಿಲ್ಲ."