ನಿಮುದ್ರರು

ನಮ್ಮ ಕೋಟುಮಚಗಿ ಪ್ರೆಸ್ಸಿನ ಎದುರಿಗೇ ಬಾಕಳೆ ಆಫ್‌ಸೆಟ್,
ನಡುವ ಬೆಟಗೇರಿಗೆ ಹೋಗೋ ರಸ್ತೆ, ಒಂದು ಚಾದಂಗಡಿ.
ಅವರು ಒಂಬತ್ತಕ್ಕ ಶಟರ್ ಎತ್ತಿದರ ನಾವು ಎಂಟೂವರಿಗೆ.
ಅವರು ಎಂಟಕ್ಕ. ನಾವು ಏಳಕ್ಕ.
ಕಡೀಕ ಆರಕ್ಕ, ಗಿರಾಕಿ ಇನ್ನೂ ಹಲ್ಲುಜ್ಜದ ಹೊತ್ತಿಗೆ,
ಎರಡೂ ಕಡೆ ಲೈಟು ಹಚ್ಚಿಕೊಂಡು
ಒಬ್ಬರನ್ನೊಬ್ಬರು ನೋಡಕೋತ ಆಕಳಿಸತಿದ್ವಿ.

ಕಾಗದ ಒಂದ. ಶಾಯಿ ಒಂದ, ಹುಬ್ಬಳ್ಳಿಯಿಂದ ಒಂದ ಟೆಂಪೋದಾಗ ಬರೂದು.
ರೇಟು ಹತ್ತು ಪೈಸೆ ಆಕಡೆ ಈಕಡೆ.
ಆದರೂ ಲಗ್ನಪತ್ರಿಕೆ ಅಂದರ ಮಂದಿ ನಮ್ಮ ಪಾವಟಿಗಿ ಹತ್ತತಿದ್ರು.

ಯಾಕಂದರ ಇಮಾಮಸಾಬ ನದಾಫ
ಹೆಸರನ್ನ ಹಿಂದಿಂದ ಓದತಿದ್ದ.
'ನಿ, ಮು, ದ್ರ, ರು' ಅಂದರ
ಗಿರಾಕಿ ಬರದ ಚೀಟಿ ಮ್ಯಾಲೆ ಬಟ್ಟಿಟ್ಟ ಶಾರದಕ್ಕ 'ಹೂಂ' ಅನಬೇಕು.
ಮುಂದಿಂದ ಓದಿದರ ಕಣ್ಣು ಸುಳ್ಳು ಹೇಳತೈತಿ, ಅಂತಿದ್ದ,
ಇರಬೇಕಾದ್ದನ್ನ ಓದತೈತಿ, ಇದ್ದದ್ದನ್ನಲ್ಲ.
ವಾರ ತಿಥಿ ಕೂಡತಾವೋ ಇಲ್ಲೋ ಪಂಚಾಂಗ ಹಿಡಕೊಂಡು ನಾ ನೋಡಬೇಕು.
ಅಲ್ಲೀತನಕ ಮಷಿನ್ ನಿಂತಿರಬೇಕು,
ಮಾಲಕ ಬಂದು ಒದರಿದರೂ.

ಬಾಕಳೆಗೆ ಸುದ್ದಿ ಹತ್ತಿತು.
ದೀಡಪಟ್ಟು ಪಗಾರ ಕೊಟ್ಟು ನದಾಫನ್ನ ರಸ್ತೆ ದಾಟಿಸಿದರು.

ಅಲ್ಲಿ ಆತ 'ನಿ, ಮು' ಅಂದ.
'ಹೂಂ' ಅನ್ನವರು ಯಾರೂ ಇರಲಿಲ್ಲ.
ಸಂಜಿ ಅನ್ನೋದರೊಳಗ ಮಾಲು ಕೊಡೂದು ಆ ಮನಿ ರೂಢಿ;
ಮಷಿನ್ ಒಂದು ಗಳಿಗಿ ನಿಂತರ ನಾಕು ಮಂದಿ ಓಡಿ ಬರವರು.
ದೀಪಾವಳಿ ಬರೂದರೊಳಗ ನದಾಫನೂ ಮುಂದಿಂದನ ಓದಲಿಕ್ಕ ಹತ್ತಿದ.
ಇಲ್ಲಿ ಆತನ ಸ್ಟೂಲಿನ ಮ್ಯಾಲೆ ಚಾ ಕೊಡೋ ಹುಡುಗ ಕುಂತಿದ್ದ.
ಉಲ್ಟಾ ಓದತಿದ್ದ. ಶಾರದಕ್ಕ ಹೂಂ ಅಂತಿದ್ದಳು.

ನಾವು ಗೆದ್ದಿವಿ ಅನಕೊಂಡ್ವಿ. ಏಳು ವರ್ಷ ಅನಕೊಂಡ್ವಿ.

ಆಮ್ಯಾಲೆ ಫ್ಲೆಕ್ಸ್ ಬಂತು: ಮುಂಜಾನೆ ಸತ್ತವರ ಫೋಟೋ
ಮಧ್ಯಾಹ್ನಕ್ಕ ಕಂಬಕ್ಕ ಕಟ್ಟಬೇಕು.
ಸಂಜೀ ರೂಢಿಯವರಿಗೆ ಮಧ್ಯಾಹ್ನ ದೂರಿಲ್ಲ.
ನಾವು ಇನ್ನೂ ಸತ್ತವರ ಹೆಸರನ್ನ ಹಿಂದಿಂದ ಕೂಡಿಸಿಕೋತ ಕುಂತಿದ್ವಿ,
ಬಂದವರು ರಸ್ತೆ ದಾಟಿದರು.
ಕಡೀಕ ನಾನೂ.

ಈಗ ಬಾಕಳೆಯಾಗ ಕಂಪ್ಯೂಟರಿನ ಮುಂದ ನನ್ನ ಕುರ್ಚಿ.
ಎದುರಿಗೆ ಕೋಟುಮಚಗಿ ಶಟರ್ ಇಳದು ಎರಡು ವರ್ಷ.
ಆದರೂ ನಾವು ಆರಕ್ಕ ತೆರೀತೀವಿ.
ಹೊಸ ಹುಡುಗ ಯಾಕಂತ ಕೇಳಿದ.
'ಮೊದಲಿಂದ ಹಂಗ ಐತಿ' ಅಂದರು.
ತುಟಿ ಯಾಕ ಅಲ್ಲಾಡಸ್ತೀರಿ ಅಂತ ನನ್ನನ್ನೂ ಕೇಳಿದ.
ಏನಿಲ್ಲಪಾ, ಅಂದೆ.